ಉಳಿತಾಯದ ಹನ್ನೊಂದು ಉಪಕರಣಗಳು

ಜಿಪುಣ ಎನ್ನಿಸಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ಆಮೇಲೆ ಯಾರೂ ನಿಮ್ಮನ್ನು ಬೇರೆ ಕಾರಣ ಕೇಳುವುದಿಲ್ಲ. ಮದುವೆಗೆ ಹೋಗದಿದ್ದರೆ ಉಡುಗೊರೆ ಉಳಿಸಿದ ಎನ್ನುತ್ತಾರೆ, ಹೋದರೆ ಮನೆಯ ಊಟ ಉಳಿಸಿದ ಎನ್ನುತ್ತಾರೆ. ಎರಡು ವರ್ಷಗಳಿಂದ ನಾನು ಈ ಹೆಸರಿನ ನೆರಳಿನಲ್ಲಿ ಹಾಯಾಗಿದ್ದೇನೆ. ಹಾಯಾಗಿ ಎಂದರೆ ಸುಳ್ಳಾದೀತು, ಅಡಗಿಕೊಂಡಿದ್ದೇನೆ. ಏಕೆಂದು ಹೆಂಡತಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ನೀವೇನೂ ಗುಜರಾತಿನ ಮಂಜಲ್‌ಪುರದ ನಮ್ಮ ಮನೆಗೆ ಬಂದು ಅವಳ ಕಿವಿಯಲ್ಲಿ ಊದುವವರಲ್ಲ ಎಂಬ ಧೈರ್ಯದಿಂದ.

ನಮ್ಮ ಅಡುಗೆಮನೆಯಲ್ಲಿ ಹಣ ಉಳಿಸುವ ಉಪಕರಣಗಳು ಒಟ್ಟು ಹನ್ನೊಂದಿವೆ. ದಾರ ಎಳೆದರೆ ಈರುಳ್ಳಿ ಹೆಚ್ಚುವ ಡಬ್ಬಿ ಎರಡು. ಆಲೂಗಡ್ಡೆಯನ್ನು ಕಾಗದದಷ್ಟು ತೆಳ್ಳಗೆ, ಜೊತೆಗೆ ಬೆರಳನ್ನೂ ಅಷ್ಟೇ ತೆಳ್ಳಗೆ ಸೀಳುವ ಹಲಗೆ ಒಂದು. ಕೈಯಿಂದ ತಿರುಗಿಸುವ ಮಜ್ಜಿಗೆ ಕಡೆಗೋಲು, ಖಾಖ್ರಾ ಎಂಬ ಗರಿಗರಿ ರೊಟ್ಟಿ ಒತ್ತುವ ಮರದ ಬಿಲ್ಲೆ, ನಿಂಬೆಹಣ್ಣು ಹಿಂಡುವ ಇಕ್ಕಳ, ಮನೆಯಲ್ಲೇ ಸೋಡಾ ಮಾಡುವ ಬಾಟಲಿ. ಉಳಿದವುಗಳ ಉದ್ದೇಶವನ್ನು ನಾನೇ ಮರೆತಿದ್ದೇನೆ. ಒಂದಂತೂ ಮೊಟ್ಟೆಯ ಹಳದಿಯನ್ನು ಬೇರೆ ಮಾಡುತ್ತದೆ. ನಮ್ಮ ಮನೆಯಲ್ಲಿ ಮೊಟ್ಟೆಯೇ ತರುವುದಿಲ್ಲ.

ವಿಮಲಾ, ನನ್ನ ಹೆಂಡತಿ, ತಿಪಟೂರಿನ ಕಡೆಯವಳು. ಒಂದು ಈಳಿಗೆಮಣೆ, ಒಂದು ಒರಳುಕಲ್ಲು ಇದ್ದರೆ ಐವತ್ತು ಜನಕ್ಕೆ ಅಡುಗೆ ಮಾಡಬಲ್ಲ ಮನೆತನದಿಂದ ಬಂದವಳು. ಮೊದಮೊದಲು ನಾನು ಶುಕ್ರವಾರದ ಸಂತೆಯಿಂದ ಹಿಂದಿರುಗಿದಾಗಲೆಲ್ಲ ಚೀಲದ ಕಡೆ ಅನುಮಾನದಿಂದ ನೋಡುತ್ತಿದ್ದಳು. ನಾನು ಭಾಷಣ ಬಿಗಿಯುತ್ತಿದ್ದೆ. ಪ್ಯಾಕೆಟ್ ಮಜ್ಜಿಗೆಗೆ ಎಷ್ಟು, ಮನೆಯ ಮಜ್ಜಿಗೆಗೆ ಎಷ್ಟು. ಅಂಗಡಿಯ ಖಾಖ್ರಾಕ್ಕೆ ಎಷ್ಟು, ನಾನೇ ಒತ್ತಿದ್ದಕ್ಕೆ ಎಷ್ಟು. ನಾನು ಒತ್ತಿದ ಖಾಖ್ರಾ ಒಂದು ಕಡೆ ಹಪ್ಪಳದ ಹಾಗೆ, ಇನ್ನೊಂದು ಕಡೆ ಚಪ್ಪಲಿಯ ಹಾಗೆ ಇರುತ್ತಿತ್ತು. ಕಾರ್ಖಾನೆಯಲ್ಲಿ ಲೋಹದ ದಪ್ಪ ಅಳೆಯುವ ವರ್ನಿಯರನ್ನು ತಂದು ಅದರ ಅಂಚುಗಳನ್ನು ಅಳೆದು ತೋರಿಸಿದೆ. ಮಗಳು ಅನಘಾ ಇಲ್ಲಿಯೇ ಬೆಳೆದವಳು, ಅವಳ ಕನ್ನಡ ಗುಜರಾತಿಯ ಊರುಗೋಲಿಲ್ಲದೆ ನಡೆಯುವುದಿಲ್ಲ. ಅವಳು ಒಂದು ತುಂಡು ಬಾಯಿಗಿಟ್ಟು, “ಅಪ್ಪ, ಇದು ತೂಟ್ತಾನೇ ಇಲ್ಲ” ಎಂದಳು. ಮುರಿಯುವುದಿಲ್ಲ ಎಂಬುದನ್ನು ನಾನು ಗುಣಮಟ್ಟ ಎಂದು ಪರಿಗಣಿಸಿದೆ.

ಹೀಗೆ ಪರಿಗಣಿಸುವುದೇ ನನ್ನ ಉದ್ಯೋಗ. ಮಕರಪುರದ ಒಂದು ಕಾರ್ಖಾನೆಯಲ್ಲಿ ವಾಲ್ವುಗಳ ತಪಾಸಣೆ ವಿಭಾಗಕ್ಕೆ ನಾನು ಮುಖ್ಯಸ್ಥ. ನನ್ನ ಕೈಕೆಳಗೆ ಒಂಬತ್ತು ಜನ ಇದ್ದರು. ಈಗ ಐದು ಜನ ಇದ್ದಾರೆ. ಉಪಕರಣಗಳ ಕಥೆ ಶುರುವಾಗುವುದು ಇಲ್ಲದ ಆ ನಾಲ್ವರಿಂದ, ಅದರಲ್ಲೂ ಹರ್ಷದ್‌ಭಾಯಿಯಿಂದ.

ಹರ್ಷದ್‌ಭಾಯಿ ಹತ್ತೊಂಬತ್ತು ವರ್ಷ ಅಲ್ಲಿ ಕೆಲಸ ಮಾಡಿದವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಮಾಲಿಗೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವ ಮನುಷ್ಯ. ಒಮ್ಮೆ ತಿಂಗಳ ಕೊನೆಯಲ್ಲಿ ನಾನು ಆಗಲೇ ಸಹಿ ಹಾಕಿದ್ದ ಮಾಲಿಗೇ ಕೆಂಪು ಚೀಟಿ ಕಟ್ಟಿಬಿಟ್ಟರು, ಅದೂ ಮ್ಯಾನೇಜರ್ ಎದುರಿಗೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಚೀಟಿ ಬಿಚ್ಚಿಸಿ ಮಾಲು ಕಳಿಸಿದೆ. ಅದಾದ ಕೆಲವೇ ದಿನಕ್ಕೆ ಮ್ಯಾನೇಜರ್ ನನ್ನನ್ನು ಕರೆದು, ವಿಭಾಗದಲ್ಲಿ ನಾಲ್ಕು ಜನ ಕಡಿಮೆಯಾಗಬೇಕು, ಹೆಸರು ನೀವೇ ಬರೆದುಕೊಡಿ ಎಂದರು. ಮೂರು ಹೆಸರು ಬರೆಯಲು ಒಂದು ಮಧ್ಯಾಹ್ನ ಹಿಡಿಯಿತು. ಹರ್ಷದ್‌ಭಾಯಿಯ ಹೆಸರನ್ನು ಮೊದಲೇ ಬರೆದಾಗಿತ್ತು. ಕಾರಣದ ಅಂಕಣದಲ್ಲಿ ‘ಕೆಲಸ ನಿಧಾನ’ ಎಂದು ಹಾಕಿದೆ. ಅವರು ಹೋದ ಮೂರನೆಯ ವಾರ ಆ ಮಾಲು ವಾಪಸು ಬಂತು. ಅವರ ಅಳತೆ ಸರಿಯಾಗಿತ್ತು.

ಅವರನ್ನು ನಾನು ಮತ್ತೆ ಕಂಡದ್ದು ಶುಕ್ರವಾರದ ಸಂತೆಯಲ್ಲಿ. ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ಮುಂದೆ ಅಡುಗೆಮನೆಯ ಸಾಮಾನು ಹರಡಿಕೊಂಡು ಕ್ಯಾರೆಟ್ ಹೆಚ್ಚುತ್ತಿದ್ದರು. ತಲೆ ತಪ್ಪಿಸಿಕೊಳ್ಳೋಣವೆಂದರೆ ಹಿಂದೆ ಎಮ್ಮೆ, ಮುಂದೆ ಸ್ಕೂಟರು. ಅವರೇ “ಸಾಹೇಬ್” ಎಂದು ಎದ್ದು ನಿಂತರು. ಏನಾದರೂ ಮಾತಾಡಬೇಕಲ್ಲ, ಈರುಳ್ಳಿ ಹೆಚ್ಚುವ ಡಬ್ಬಿಗೆ ಎಷ್ಟು ಎಂದೆ. ಬೆಲೆ ಹೇಳಿ, ನಿಮಗೆ ಹತ್ತು ರೂಪಾಯಿ ಕಡಿಮೆ ಎಂದರು. ಬೇಡವೆಂದರೂ ಕೇಳಲಿಲ್ಲ. ನಮ್ಮ ಮನೆಯ ಉಳಿತಾಯದ ಅಭಿಯಾನ ಹುಟ್ಟಿದ್ದು ಹೀಗೆ.

ಅವರ ವ್ಯಾಪಾರ ಮಾತ್ರ ನೋಡಲಾಗುತ್ತಿರಲಿಲ್ಲ. ಪಕ್ಕದವನು ಇಂಥದೇ ಡಬ್ಬಿಯನ್ನು ಹತ್ತು ವರ್ಷ ಬಾಳುತ್ತದೆ ಎಂದು ಕೂಗಿ ಕೂಗಿ ಮಾರುತ್ತಿದ್ದ. ಇವರ ಹತ್ತಿರ ಯಾರಾದರೂ ಹೆಂಗಸು ಬಂದು ಕೈಗೆತ್ತಿಕೊಂಡರೆ ಸಾಕು, “ಬೆಹನ್, ದಾರ ಮೂರು ತಿಂಗಳು ಬರುತ್ತೆ, ಆಮೇಲೆ ಹಿಡಿ ಸಡಿಲ ಆಗುತ್ತೆ” ಎಂದು ತಪಾಸಣೆಯ ವರದಿ ಒಪ್ಪಿಸುತ್ತಿದ್ದರು. ಅವಳು ಡಬ್ಬಿಯನ್ನು ಮೆತ್ತಗೆ ಕೆಳಗಿಟ್ಟು ಪಕ್ಕದವನ ಬಳಿಗೆ ಹೋಗುತ್ತಿದ್ದಳು. ಒಂದು ದಿನ ಅವರ ಬೆನ್ನ ಹಿಂದೆ ಒಂದು ಗೋಣಿಚೀಲ ನೋಡಿದೆ. ಅದರಲ್ಲಿದ್ದ ಸಾಮಾನಿಗೆಲ್ಲ ಕೆಂಪು ಚೀಟಿ ಕಟ್ಟಿತ್ತು. ತಮ್ಮ ದುಡ್ಡು ಕೊಟ್ಟು ತಂದ ಮಾಲನ್ನು ತಾವೇ ತಿರಸ್ಕರಿಸಿ ಮಾರದೆ ಇಟ್ಟಿದ್ದರು. ನನಗೆ ನಗು ಬಂತು, ನಗಲಾಗಲಿಲ್ಲ. ಅವತ್ತು ಎರಡು ಸಾಮಾನು ಕೊಂಡೆ. ಮೊಟ್ಟೆಯ ಯಂತ್ರ ಮನೆಗೆ ಬಂದದ್ದು ಅವತ್ತೇ.

ಕಳೆದ ವರ್ಷದ ಬೇಸಿಗೆಯಲ್ಲಿ ಅವರು ನನ್ನ ಕೈಗೆ ಒಂದು ಗಾಜಿನ ಭರಣಿ ಕೊಟ್ಟರು. ಒಳಗೆ ಛುಂದೋ. ಮಾವಿನಕಾಯಿಯನ್ನು ತುರಿದು, ಸಕ್ಕರೆ ಖಾರ ಬೆರೆಸಿ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಮಹಡಿಯ ಮೇಲೆ ದಿನಗಟ್ಟಲೆ ಬಿಸಿಲಿನಲ್ಲಿಟ್ಟು ಮಾಡುವ ಉಪ್ಪಿನಕಾಯಿ ಅದು. ಒಲೆಯ ಖರ್ಚಿಲ್ಲ. ಅವರ ಹೆಂಡತಿ ಮಾಡಿ ಕಳಿಸಿದ್ದರು. ಕೆಲಸ ಹೋದ ಮೇಲೆ ಕಾರ್ಖಾನೆಯವರು ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ, ಸಾಹೇಬರು ಮಾತ್ರ ವಾರವಾರ ಬಂದು ಮಾತಾಡಿಸುತ್ತಾರೆ, ಆಗಾಗ ಏನಾದರೂ ಕೊಳ್ಳುತ್ತಾರೆ, ಅವರ ಮನೆಗೆ ಹೋಗಲಿ ಎಂದರಂತೆ. ವಿಮಲಾ ಅದನ್ನು ಬೆರಳಿನಲ್ಲಿ ನೆಕ್ಕಿ ನೋಡಿ, ನಿಮ್ಮ ಅಷ್ಟೂ ಯಂತ್ರಗಳಿಗಿಂತ ಇದೊಂದೇ ವಾಸಿ ಎಂದಳು. ಅನಘಾ ಚಪಾತಿಗೆ, ದೋಸೆಗೆ, ಕೊನೆಗೆ ಮೊಸರನ್ನಕ್ಕೂ ಅದನ್ನೇ ಹಾಕಿಕೊಂಡಳು. ನಮ್ಮ ಮನೆಯಲ್ಲಿ ನಿಜವಾಗಿ ಖರ್ಚು ಉಳಿಸಿದ ಪದಾರ್ಥವೆಂದರೆ ಅದು. ನನ್ನಿಂದ ಕೆಲಸ ಕಳೆದುಕೊಂಡ ಮನುಷ್ಯನ ಮನೆಯಿಂದ ಬಂದದ್ದನ್ನು ನಾನೂ ಬಡಿಸಿಕೊಂಡು ತಿಂದೆ. ರುಚಿಯಾಗಿತ್ತು, ಅದೇ ತೊಂದರೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲಿನ ಒಂದು ಶುಕ್ರವಾರ ಹಳೆಯ ಈರುಳ್ಳಿ ಡಬ್ಬಿಯ ಹಿಡಿ ಸಡಿಲವಾಗಿದೆ ಎಂಬ ನೆಪ ಮಾಡಿಕೊಂಡು ಹೋದೆ. ಹೊಸದನ್ನು ಕೈಗೆತ್ತಿಕೊಂಡು ದಾರ ಎಳೆದು ನೋಡುತ್ತ ಹರ್ಷದ್‌ಭಾಯಿ ಹಿಂದಿಯಲ್ಲಿ ಹೇಳಿದ ಮಾತು ಕನ್ನಡದಲ್ಲಿ ಸುಮಾರು ಹೀಗಾಗುತ್ತದೆ: “ಸಾಹೇಬ್, ನನ್ನ ಹೆಸರು ಪಟ್ಟಿಯಿಂದ ತೆಗೆಸೋಕೆ ನೀವು ಮ್ಯಾನೇಜರ್ ಹತ್ತಿರ ಜಗಳ ಆಡಿದ್ರಂತೆ. ಮೊನ್ನೆ ಗೊತ್ತಾಯ್ತು. ಇಷ್ಟು ದಿನ ನೀವು ಒಂದು ಮಾತೂ ಹೇಳಲಿಲ್ಲ.”

ಯಾರು ಹಬ್ಬಿಸಿದರೋ ಈ ಸುದ್ದಿ. ಬಹುಶಃ ನಾನು ವಾರವಾರ ಸಂತೆಗೆ ಹೋಗುವುದನ್ನು ಕಂಡ ಯಾರೋ ಪುಣ್ಯಾತ್ಮರು ತಾವೇ ಕಾರಣ ಜೋಡಿಸಿರಬೇಕು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಆ ಕ್ಷಣದಲ್ಲಿ ಧೈರ್ಯ ಬಂತು ಎಂದು ನಾನು ಹೇಳಿಕೊಳ್ಳಲಾರೆ. ಮುಂದಿನ ಬೇಸಿಗೆಗೆ ಎರಡು ಭರಣಿ ಕಳಿಸುತ್ತೇವೆ ಎಂದು ಅವರು ಸೇರಿಸದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ.

“ಪಟ್ಟಿ ಬರೆದವನು ನಾನೇ, ಹರ್ಷದ್‌ಭಾಯಿ,” ಎಂದೆ. “ನಿಮ್ಮ ಹೆಸರು ಮೊದಲನೆಯದು.”

ಅವರು ನನ್ನ ಮುಖ ನೋಡಲಿಲ್ಲ. ಡಬ್ಬಿಯ ದಾರವನ್ನು ಇನ್ನೆರಡು ಸಲ ಎಳೆದರು, ಒಳಗೆ ಏನೂ ಇರಲಿಲ್ಲ. ಆಮೇಲೆ, ಬೇರೆ ಯಾವ ಗಿರಾಕಿಯನ್ನಾದರೂ ಕೇಳುವ ಹಾಗೆ, “ಹಸಿರು ಬೇಕಾ, ನೀಲಿ ಬೇಕಾ?” ಎಂದರು. ನೀಲಿ ಎಂದೆ. ಕಾಗದದಲ್ಲಿ ಸುತ್ತಿದರು. ನಾನು ನೋಟು ಕೊಟ್ಟೆ, ಚಿಲ್ಲರೆ ಎಣಿಸಿ ಅಂಗೈಯಲ್ಲಿಟ್ಟರು. ಎರಡು ವರ್ಷದಲ್ಲಿ ಮೊದಲ ಸಲ ಹತ್ತು ರೂಪಾಯಿ ಬಿಟ್ಟಿರಲಿಲ್ಲ. ದಾರ ಎಷ್ಟು ತಿಂಗಳು ಬರುತ್ತದೆ ಎಂದೂ ಹೇಳಲಿಲ್ಲ.

ಮನಸ್ಸು ಹಗುರವಾಗುತ್ತದೆ ಎಂದು ತಪ್ಪೊಪ್ಪಿಗೆಯ ಬಗ್ಗೆ ಬಹಳ ಜನ ಹೇಳುತ್ತಾರೆ. ನನಗೆ ಆಗಲಿಲ್ಲ. ಹಗುರಾದದ್ದು ಜೇಬು. ಈ ಬೇಸಿಗೆಯಲ್ಲಿ ಛುಂದೋ ಬರಲಿಲ್ಲ. ಅನಘಾ ಕೇಳಿ ಕೇಳಿ ಸಾಕಾಗಿ ಅಂಗಡಿಯಿಂದ ತಂದೆವು. ಎರಡು ವರ್ಷದ ಉಳಿತಾಯದ ಅಭಿಯಾನದ ಕೊನೆಗೆ, ಒಂದು ನಿಜ ಹೇಳಿದ್ದಕ್ಕೆ, ಮನೆಖರ್ಚು ಹೆಚ್ಚಿತು.

ಆದರೆ ಹಳೆಯ ಭರಣಿ ನಮ್ಮಲ್ಲೇ ಇತ್ತು. ವಿಮಲಾಳಿಗೆ ಅದು ಕಣ್ಣಿಗೆ ಬಿದ್ದಾಗಲೆಲ್ಲ ಇರುಸುಮುರುಸು. “ಅವರ ಪಾತ್ರೆ ಎಷ್ಟು ದಿನ ಇಟ್ಕೊಳ್ಳೋದ್ರೀ? ಹಾಗಂತ ಖಾಲಿ ಕೊಡೋಕಾಗುತ್ತಾ?” ಎಂದು, ಊರಿನಿಂದ ತಂದ ಕೊಬ್ಬರಿ ತುರಿದು, ಮೆಣಸಿನಕಾಯಿ ಹುರಿದು, ಚಟ್ನಿಪುಡಿ ಮಾಡಿ ಕಂಠದವರೆಗೆ ತುಂಬಿಕೊಟ್ಟಳು. ಯಂತ್ರ ಮುಟ್ಟಲಿಲ್ಲ, ಒರಳಿನಲ್ಲೇ ಕುಟ್ಟಿದಳು. ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಮೂರು ಶುಕ್ರವಾರ ಸಂತೆಯ ತುದಿಯವರೆಗೆ ಹೋದೆ. ದೂರದಿಂದ ಅವರ ತಲೆ ಕಾಣಿಸುತ್ತಿತ್ತು. ಮೂರು ಸಲವೂ ಹಿಂದಿರುಗಿದೆ. ಈಗ ಭರಣಿ ನನ್ನ ಆಫೀಸಿನ ಮೇಜಿನ ಖಾನೆಯಲ್ಲಿದೆ. ಮಧ್ಯಾಹ್ನ ಊಟಕ್ಕೆ ಒಂದೊಂದು ಚಮಚ ನಾನೇ ಹಾಕಿಕೊಂಡು ತಿನ್ನುತ್ತೇನೆ.

ಚಟ್ನಿಪುಡಿ ಅವರ ಮನೆಯಲ್ಲಿ ಹಿಡಿಸಿತಾ ಎಂದು ವಿಮಲಾ ಮೊನ್ನೆ ಕೇಳಿದಳು. ಚೆನ್ನಾಗಿದೆ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಅವಳಿಗೆ ನಂಬಿಕೆ ಬರಬೇಕಲ್ಲ ಎಂದು, ತಪಾಸಣೆ ವಿಭಾಗದ ಮುಖ್ಯಸ್ಥನ ಗತ್ತಿನಲ್ಲಿ, ಹಿಡಿಸಿದೆ, ಆದರೆ ಉಪ್ಪು ಸ್ವಲ್ಪ ಮುಂದಾಯಿತಂತೆ ಎಂದೆ. ಅವಳ ಮುಖ ಸಣ್ಣದಾಯಿತು. ಈ ಸಲ ಉಪ್ಪು ಕಡಿಮೆ ಹಾಕಿ, ಅವರಿಗೆಂದೇ ಇನ್ನೊಂದು ಡಬ್ಬಿ ಮಾಡಿ ನನ್ನ ಕೈಗೆ ಕೊಟ್ಟಿದ್ದಾಳೆ. ಇವತ್ತು ಆಫೀಸಿನಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ರುಚಿ ನೋಡಿದೆ. ಮೊದಲನೆಯದರಲ್ಲಿ ಉಪ್ಪು ಸರಿಯಾಗಿತ್ತು.