ಜಪಾನಿನ ಗೊಂಬೆ, ನಮ್ಮ ಕಪಾಟು

ಆ ಜಪಾನಿನ ಕಲಾವಿದನ ಹೆಸರು... ನಾಲಿಗೆ ತುದಿಯಲ್ಲೇ ಇದೆ, ಬರುತ್ತಿಲ್ಲ. ಇರಲಿ. ಹಲ್ಲು ಕಿರಿಯುವ ಹೂವು ಬರೆಯುತ್ತಾನೆ. ಅದೇ ಹೂವು ಮ್ಯೂಸಿಯಮ್ಮಿನ ಗೋಡೆಯ ಮೇಲೂ ಇರುತ್ತದೆ, ಅಂಗಡಿಯ ಕಾಲುಚೀಲದ ಮೇಲೂ ಇರುತ್ತದೆ. ನನ್ನ ಮಗನಿಗೆ ಅವನ ಹುಚ್ಚು. ಅಮೆರಿಕದ ಪ್ಲೆಸೆಂಟನ್ನಿನ ನಮ್ಮ ಮನೆಯಲ್ಲಿ ಇರುವುದು ಒಂದೇ ಗಾಜಿನ ಕಪಾಟು. ಪ್ರತಿ ನವರಾತ್ರಿಗೂ ನನ್ನ ಪಟ್ಟದ ಗೊಂಬೆಗಳು, ಮೈಸೂರಿನ ರಾಜ ರಾಣಿ, ಅಲ್ಲೇ ಕೂರುತ್ತಿದ್ದರು. ಈಗ ಅದರ ತುಂಬ ಮಗ ಕೂಡಿಟ್ಟ ಆ ಕಲಾವಿದನ ಗೊಂಬೆಗಳು. "ಈ ಸಲ ಗರಾಜಲ್ಲಿ ಕೂರಿಸಮ್ಮ" ಅಂದ. ಅಲ್ಲಿಂದ ಶುರುವಾದ ರಗಳೆ ನಿಂತೇ ಇಲ್ಲ.

ದಿಂಬು

ಸೋಫಾದ ಮೇಲೆ ಅದೇ ಹೂವಿನ ದಿಂಬೊಂದಿತ್ತು. ಮಂಡಿ ನೋವು, ಕಾಲಡಿಗೆ ಇಟ್ಟುಕೊಂಡೆ.

"ಅಮ್ಮಾ! ಅದು ದಿಂಬಲ್ಲ, ಆರ್ಟು!"

"ಮತ್ತೆ ಸೋಫಾ ಮೇಲೆ ಯಾಕಿದೆ?"

"ಡಿಸ್‌ಪ್ಲೇಗೆ."

"ನಾನೆಲ್ಲಿ ಕೂತ್ಕೊಳ್ಳಲೋ?"

ಊಟದ ಮೇಜಿನಿಂದ ಕುರ್ಚಿ ಎಳೆದುಕೊಟ್ಟ. ಮಂಡಿ ನೋವಿನವಳು ಮರದ ಕುರ್ಚಿಯ ಮೇಲೆ. ನೋವೇ ಇಲ್ಲದ ಹೂವು ಸೋಫಾದ ಮೇಲೆ, ನನ್ನನ್ನೇ ನೋಡಿ ನಗುತ್ತಾ.

ಮ್ಯೂಸಿಯಮ್ಮು

ನನಗೆ ಕಲೆ ಅರ್ಥವಾಗಲಿ ಎಂದು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋದ. ಮೊದಲ ಕೋಣೆಯಲ್ಲೇ ಒಂದು ಗೊಂಬೆಯ ಕೆನ್ನೆ ಸವರಿದೆ. ಕಾವಲುಗಾರ ಓಡಿ ಬಂದ. ಮಗನಿಗೆ ಮುಖ ಎತ್ತಲಾಗಲಿಲ್ಲ. ಸರಿ, ಮುಂದಿನ ಕೋಣೆಗಳಲ್ಲೆಲ್ಲ ಗರ್ಭಗುಡಿಯ ಮುಂದೆ ನಿಂತ ಹಾಗೆ ಕೈಕಟ್ಟಿ ನಿಂತೆ. ಕೊನೆಯ ಕೋಣೆಯಲ್ಲಿ ಸಾಲಾಗಿ ನೇತುಹಾಕಿದ್ದ ಚಿತ್ರಗಳನ್ನು ಭಕ್ತಿಯಿಂದ ನೋಡುತ್ತಿದ್ದಾಗ ಒಬ್ಬ ಹುಡುಗಿ ಬಂದು ಏನೋ ಕೇಳಿದಳು. ಜೊತೆಗೆ ಬಂದಿದ್ದ ಮೊಮ್ಮಗಳು ಕಿಸಕ್ಕೆಂದು ನಕ್ಕಳು.

"ಅಜ್ಜೀ, ಯಾವ ಸೈಜು ಅಂತ ಕೇಳ್ತಿದಾಳೆ. ದಿಸ್ ಈಸ್ ದಿ ಶಾಪ್."

ನಾನು ಕೈಕಟ್ಟಿ ನಿಂತಿದ್ದು ಟೀಶರ್ಟುಗಳ ಮುಂದೆ.

ಅರಿಶಿನ ಕುಂಕುಮ

ನವರಾತ್ರಿ ಹತ್ತಿರ ಬಂತು. ನಾನು ಸಾರು ಮಾಡುವುದನ್ನು ನಿಲ್ಲಿಸಿದೆ. ಮಗ ಬೇಗ ದಾರಿಗೆ ಬಂದ. "ಕಪಾಟು ತಗೋಮ್ಮ, ಆದ್ರೆ ಮಧ್ಯದ ಗೊಂಬೆ ಅಲ್ಲೇ ಇರುತ್ತೆ. ಮುಟ್ಟಬೇಡ." ಗುಂಡು ತಲೆ, ಮೈತುಂಬ ಕಣ್ಣು, ಚಾಚಿದ ನಾಲಿಗೆ. ಅದರ ಅಕ್ಕಪಕ್ಕ ನನ್ನ ರಾಜ, ರಾಣಿ.

ಸಂಜೆ ಹೆಂಗಸರು ಬಂದರು. ಮಂಡ್ಯದ ಕಡೆಯ ಹುಡುಗಿಯೊಬ್ಬಳು, "ಇದ್ಯಾವ ದೇವ್ರು ಆಂಟಿ?" ಎಂದು ಕೇಳುತ್ತಲೇ ಅದರ ಹಣೆಗೆ ಕುಂಕುಮವಿಟ್ಟು ಅಕ್ಷತೆ ಹಾಕಿಬಿಟ್ಟಳು. ಹಿಂದಿದ್ದವರು ಸುಮ್ಮನಿರುತ್ತಾರೆಯೇ? ಒಬ್ಬಾಕೆ ಹಾಡನ್ನೂ ಹೇಳಿದಳು.

ಆಫೀಸಿನಿಂದ ಬಂದ ಮಗ ಕೂಗಿಕೊಂಡ. "ಯಾರಮ್ಮ ಇದು ಮಾಡಿದ್ದು?"

"ಪ್ಲೆಸೆಂಟನ್ನಿನ ಮುತ್ತೈದೆಯರೆಲ್ಲ ಸೇರಿ."

ಒರೆಸಿದಷ್ಟೂ ಹಣೆ ಗುಲಾಬಿಯಾಯಿತು. ಅಳುಮುಖ ಮಾಡಿಕೊಂಡು, ಕುಂಕುಮದ ಕಲೆ ತೆಗೆಯುವುದು ಹೇಗೆಂದು ಗೊಂಬೆ ಕೂಡಿಡುವ ಗೆಳೆಯನಿಗೆ ಫೋಟೋ ಕಳಿಸಿದ. ಉತ್ತರ ಬಂತು: "ಗುಲಾಬಿ ಹಣೆಯದು ನಿನಗೆಲ್ಲಿ ಸಿಕ್ತು? ನಾನು ನೋಡೇ ಇಲ್ಲ!"

ಮಗ ಒರೆಸುವ ಬಟ್ಟೆ ಕೆಳಗಿಟ್ಟ.

ವಿಜಯದಶಮಿ

ಆರತಿ ಮುಗಿಸಿ ಪದ್ಧತಿಯಂತೆ ರಾಜ ರಾಣಿಯರನ್ನು ಮಲಗಿಸಿದೆ. ನಡುವೆ ಜಪಾನಿನ ಗೊಂಬೆ ಮಾತ್ರ ಕಣ್ಣು ಬಿಟ್ಟುಕೊಂಡು ನಿಂತಿತ್ತು. ಅಷ್ಟೂ ದಿನ ಪೂಜೆ ಮಾಡಿಸಿಕೊಂಡ ಮೇಲೆ ಅದಕ್ಕೂ ನಿದ್ದೆ ಬೇಡವೇ? ಮಲಗಿಸಿ ಕುಪ್ಪಸದ ಕಣ ಹೊದಿಸಿದೆ.

ಅದೇ ಹೊತ್ತಿಗೆ ಆ ಗೆಳೆಯನನ್ನು ಕರೆದುಕೊಂಡು ಮಗ ಬಂದ. "ಅಯ್ಯೋ, ಬಿದ್ದುಹೋಯ್ತಾ!"

"ಬಿದ್ದಿಲ್ಲ ಕಣೋ, ಮಲಗಿದೆ. ಮೆಲ್ಲಗೆ ಮಾತಾಡು."

"ಎಬ್ಬಿಸಮ್ಮ! ಇವನು ನೋಡಬೇಕು. ನಿನ್ನ ಗೊಂಬೆಗಳನ್ನ ಈಗಲೇ ಗರಾಜಲ್ಲಿ ಇಡ್ತೀನಿ."

ಗೆಳೆಯ ಅವನ ಕೈ ಹಿಡಿದುಕೊಂಡ. ಕಪಾಟಿನ ಮುಂದೆ ಮಂಡಿಯೂರಿ, ದನಿ ತಗ್ಗಿಸಿ ಕೇಳಿದ. "ಮೂರೂ ಒಂದೇ ಸೆಟ್ಟಾ? ಹೊದಿಕೆಯೂ ಜೊತೆಗೇ ಬಂದಿದ್ದಾ? ಬೇರೆ ಮಾಡಬೇಡ ಮಾರಾಯ, ಸೆಟ್ಟು ಹಾಳಾಗುತ್ತೆ!"

ಮಗ ನನ್ನ ಮುಖ ನೋಡಿದ. ನಾನು ಕಪಾಟಿನ ಬಾಗಿಲು ಮುಚ್ಚಿ ಮೊಮ್ಮಗಳನ್ನು ಕರೆದೆ.

"ಪುಟ್ಟೀ, ಪೆನ್ನು ತಗೊಂಡ್ಬಾ. ನಿಮ್ಮಪ್ಪನಿಗೆ ಕಾಣೋ ಹಾಗೆ ದಪ್ಪಕ್ಕೆ ಬರಿ: 'ಮೂವರೂ ಮಲಗಿದ್ದಾರೆ. ಮುಟ್ಟಬಾರದು.'"