ಪುರಾವೆ ಕೇಳಲು ಹೊರಟವನು

ಸಿಂಗಟಗೆರೆಯ ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲ ಮನುಷ್ಯ ನಾನು. ಎಪ್ಪತ್ತರ ದಶಕದ ಮಾತು. ಗಣಿತದಲ್ಲಿ ಬಿ.ಎಸ್ಸಿ.! ಜೊತೆಗೆ ತರ್ಕಶಾಸ್ತ್ರದ ಒಂದು ಪುಸ್ತಕವನ್ನು ಅರ್ಧ ಓದಿದ್ದೆ. ಆ ಅರ್ಧವೇ ನನ್ನನ್ನು ಕೆಡಿಸಿದ್ದು. ಇನ್ನು ಮುಂದೆ ಪುರಾವೆ ಇಲ್ಲದ ಯಾವುದನ್ನೂ ನಂಬತಕ್ಕದ್ದಲ್ಲ ಎಂದು ತೀರ್ಮಾನಿಸಿದೆ.

ಮೊದಲು ಸಿಕ್ಕಿದ್ದು ದೊಡ್ಡಪ್ಪ. "ಪ್ರತಿ ಸಲ ಅದೇ ಗುರುತಿಗೆ ಯಾಕೆ ಓಟು ಹಾಕ್ತೀಯ? ಕಾರಣ ಕೊಡು" ಎಂದೆ.

"ಹೋದ್ಸಲ ಹಾಕಿದ್ನಲ್ಲ, ಅದಕ್ಕೆ!"

ಅವ್ವನನ್ನು ಕೇಳಿದೆ: "ರಾಹುಕಾಲ ಕೆಟ್ಟದ್ದು ಅನ್ನೋದಕ್ಕೆ ಪುರಾವೆ?"

"ನೀನು ಹುಟ್ಟಿದ್ದು ಅದ್ರಲ್ಲೇ ಕಣೋ. ಸಾಲ್ದಾ?"

ಅವ್ವ ನನ್ನ ಡಿಗ್ರಿಗೆ ಗಾಜು ಹಾಕಿಸಿ, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದಳು. ದಿನಾ ಊದುಬತ್ತಿ ಹಚ್ಚಿ ಗಾಜಿನ ಮೇಲೆ ದಪ್ಪಗೆ ಕುಂಕುಮ ಇಡುತ್ತಿದ್ದಳು. ಅದೊಂದನ್ನು ಮಾತ್ರ ನಾನು ಪ್ರಶ್ನಿಸಲಿಲ್ಲ. ಹೆತ್ತ ತಾಯಿಯ ಭಾವನೆ ನೋಡಿ!

ಅಷ್ಟರಲ್ಲಿ ಶಿವನಿ ಎಂಬ ಊರಿನಿಂದ ಸಂಬಂಧ ಬಂತು. ತೆಂಗಿನಕಾಯಿ ವ್ಯಾಪಾರದ ಮನೆ. ಹುಡುಗಿ ಗಿರಿಜ, ಎಸ್ಸೆಸ್ಸೆಲ್ಸಿ ಪಾಸು. ಅಪ್ಪನ ಜೊತೆ ಹೋದೆ. ಅವಳು ಉಪ್ಪಿಟ್ಟು ತಂದಿಟ್ಟಳು. ನೋಡಿದ ಕೂಡಲೇ ಒಪ್ಪಿಬಿಟ್ಟೆ, ಯಾವ ಪುರಾವೆಯನ್ನೂ ಕೇಳದೆ! ಉಪ್ಪಿಟ್ಟು ತಿಂದು ಸುಮ್ಮನಿದ್ದಿದ್ದರೆ ಅಂದೇ ಮದುವೆ ಕುದುರುತ್ತಿತ್ತು. ಆದರೆ ಅವಳ ತಂದೆ ಜಾತಕ ತೆಗೆದರು.

"ಜಾತಕ ನಾನು ನಂಬಲ್ಲ. ಎರಡಕ್ಕೆ ಎರಡು ಸೇರಿದರೆ ನಾಲ್ಕು ಅನ್ನೋದನ್ನೂ ಸಾಧಿಸದೆ ಒಪ್ಪಲ್ಲ!" ಎಂದೆ.

ಅಪ್ಪ ನನ್ನ ತೊಡೆ ಚಿವುಟಿದ.

"ನಾಲ್ಕು ಅಂತ ಒಪ್ಪದಿದ್ರೆ ನಾವು ಕಾಯಿ ಎಣಿಸೋದು ಹೆಂಗಪ್ಪಾ?" ಎಂದರು ಹುಡುಗಿಯ ತಂದೆ, ನಿಜಕ್ಕೂ ಗಾಬರಿಯಾಗಿ.

ಬಾಗಿಲ ಮರೆಯಿಂದ ಗಿರಿಜಳ ದನಿ ಬಂತು: "ಅಪ್ಪಾಜಿ, ಇವರು ಡಿಗ್ರಿ ಪಾಸಾಗಿರೋದಕ್ಕೆ ಪುರಾವೆ ಏನಂತೆ?"

"ಸೋಮವಾರ ತರ್ತೀನಿ" ಎಂದೆ. ಇನ್ನೇನು ಅನ್ನಲಿ?

ಸೋಮವಾರ ಪೂಜೆ ಮುಗಿಯುವವರೆಗೂ ಅವ್ವ ಪಟವನ್ನು ಮುಟ್ಟಲು ಬಿಡಲಿಲ್ಲ. ಹೂವಿನ ಹಾರ ಸಮೇತ ಕೈಗಿಟ್ಟಳು. ಕಡೂರಿನ ಬಸ್ಸಿನಲ್ಲಿ ಒಬ್ಬಾಕೆ ಎದ್ದು ಕೈಮುಗಿದು, "ಯಾವ ದೇವ್ರು ಸ್ವಾಮೀ?" ಎಂದು ಸೀಟು ಬಿಟ್ಟುಕೊಟ್ಟಳು. ಅಲ್ಲೇ ಮೂಢನಂಬಿಕೆಯನ್ನು ಖಂಡಿಸಬೇಕಿತ್ತು. ಕೂತುಕೊಂಡೆ. ಕಡೂರಿನಿಂದ ಶಿವನಿಯವರೆಗೆ ರೈಲಿನಲ್ಲೂ ಹೀಗೇ ಕೂತು ಹೋದೆವು, ನಾನು ಮತ್ತು ನನ್ನ ದೇವರು!

ಗಿರಿಜ ಪಟ ತೆಗೆದುಕೊಂಡು ಹಾರ ಸರಿಸಿದಳು. "ಹೆಸರು ಸರಿ ಇದೆ. ಇಲ್ಲೇನೋ ಕುಂಕುಮದಲ್ಲಿ ಮುಚ್ಚೋಗಿದೆಯಲ್ಲ..."

"ಅದು ಪ್ರಸಾದ! ಅಳಿಸಬಾರದು!" ಎಂದು ಕಿರುಚಿದೆ. ಪುರಾವೆಯ ಪರಮಭಕ್ತನಾದ ನಾನು!

ಅವಳು ಸೆರಗಿನ ತುದಿಯಿಂದ ಒರೆಸಿದಳು. ಮೂರನೇ ದರ್ಜೆ.

"ಫಸ್ಟ್ ಕ್ಲಾಸ್ ಅಂತ ನಿಮ್ಮೂರಲ್ಲೆಲ್ಲ ಹೇಳ್ತಾರಲ್ಲಪ್ಪಾ?" ಎಂದರು ಅವಳ ತಂದೆ.

"ನಾನು ಹೇಳಿಲ್ಲ. ಊರವರು ನಂಬಿದ್ರು."

"ಮತ್ತೆ ಅದನ್ನ್ಯಾಕೆ ನೀವು ಪ್ರಶ್ನೆ ಮಾಡ್ಲಿಲ್ಲ?" ಎಂದಳು ಗಿರಿಜ.

ತರ್ಕ, ಗಣಿತ ಎರಡೂ ಕೈಕೊಟ್ಟವು. ಕೈಯಲ್ಲಿ ಉಳಿದಿದ್ದು ನಿಜ ಒಂದೇ. "ಬೆಳಿಗ್ಗೆ ಹೋಟ್ಲಲ್ಲಿ ಲೋಟ ತೊಳೆದು ಕಾಲೇಜಿಗೆ ಹೋಗ್ತಿದ್ದೆ. ಎರಡು ಸಲ ಫೇಲಾದೆ. ಮೂರನೇ ಸಲಕ್ಕೆ ಬಂದಿದ್ದು ಅಷ್ಟೇ" ಎಂದೆ. ನಮ್ಮಪ್ಪನಿಗೂ ಆ ಲೋಟಗಳ ವಿಷಯ ಗೊತ್ತಿರಲಿಲ್ಲ.

ಒಡೆದು ಒರಟಾಗಿದ್ದ ನನ್ನ ಬೆರಳುಗಳನ್ನೇ ಗಿರಿಜ ಒಂದು ಗಳಿಗೆ ನೋಡಿದಳು. "ಅಪ್ಪಾಜಿ, ಇದನ್ನ ಒಪ್ಕೋಬೋದು. ಇದಕ್ಕೆ ಪುರಾವೆ ಇದೆ."

ಮದುವೆಯಾಯಿತು. ಪಟ ಈಗಲೂ ದೇವರ ಸಾಲಿನಲ್ಲೇ ಇದೆ. ದಿನಾ ಬೆಳಿಗ್ಗೆ ಗಿರಿಜ ಗಾಜು ಒರೆಸಿ, ಭಕ್ತಿಯಿಂದ ದಪ್ಪಗೆ ಕುಂಕುಮ ಇಡುತ್ತಾಳೆ. ನನ್ನ ಹೆಸರಿನ ಮೇಲೆ! ಮೂರನೇ ದರ್ಜೆ ಮಾತ್ರ ಮನೆಗೆ ಬಂದವರಿಗೆಲ್ಲ ಫಳಫಳ ಕಾಣುತ್ತದೆ.