ಸಾಲು ಜಾರಿದರೆ ಸಿಡಿಯುತ್ತಿದ್ದ ನಮ್ಮ ಅತ್ತೆ

ನಮ್ಮ ಅತ್ತೆ ನನ್ನ ಮುಖವನ್ನು ನೆಟ್ಟಗೆ ನೋಡುವ ಮೊದಲೇ ನನ್ನ ಮದುವೆಗೆ ಎರಡು ಸಲ ಅಡ್ಡ ಹಾಕಿದ್ದರು! ಬಂಗಾರ ಸಾಲದೆಂದಲ್ಲ, ಜಾತಕ ಕೂಡದೆಂದೂ ಅಲ್ಲ. ಲಗ್ನಪತ್ರಿಕೆಯ ಸಾಲುಗಳು ಅವರ ಮನಸ್ಸಿಗೆ ಬರಲಿಲ್ಲ, ಅಷ್ಟೆ.

ಪತ್ರಿಕೆ ಅಚ್ಚಾಗಬೇಕಿದ್ದುದು ಕೊಟ್ಟೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ. ಆಗೆಲ್ಲ ಪ್ರೆಸ್ಸಿನವರು ಹಿಂದಿನ ಮದುವೆಯ ಅಚ್ಚುಮೊಳೆಗಳನ್ನು ಬಿಚ್ಚದೆ ಚೌಕಟ್ಟಿನಲ್ಲಿ ಹಾಗೇ ಇಟ್ಟುಕೊಂಡು, ಹೆಸರಷ್ಟನ್ನು ಕಿತ್ತು ಹೊಸ ಹೆಸರು ಕೂರಿಸುತ್ತಿದ್ದರು. ಮೊದಲ ಕರಡಿನಲ್ಲಿ ವಧು ನಾನೇ, ವರ ಇವರೇ, ಆದರೆ ವರನ ತಂದೆ ಮಾತ್ರ ಹಿಂದಿನ ಮದುವೆಯವರು! ಎರಡನೆಯ ಕರಡಿನಲ್ಲಿ ಮಾವನವರು ತಮ್ಮ ಜಾಗಕ್ಕೆ ಬಂದರು. ಆದರೆ ನನ್ನ ಹೆಸರು ಉದ್ದವಾಗಿ, ಅರ್ಧ ಒಂದು ಸಾಲಿನಲ್ಲೂ ಉಳಿದರ್ಧ ಕೆಳಗಿನ ಸಾಲಿನಲ್ಲೂ ಬಿತ್ತು. ಅತ್ತೆ ಬಸ್ಸು ಹತ್ತಿ ಕೊಟ್ಟೂರಿಗೇ ಹೋದರಂತೆ.

"ಹುಡುಗಿನ್ನ ಎರಡು ತುಂಡು ಮಾಡಿ ಮನಿ ತುಂಬಿಸ್ಕೊಳ್ಳಾಕ ಬರ್ತೈತೇನ್ರಿ?"

"ಚೌಕಟ್ಟಿನಾಗ ಜಾಗ ಇಲ್ರಿ ಅಮ್ಮಾರ. ಸಣ್ಣ ಹೆಸರಿನ ಹುಡುಗಿನ್ನ ನೋಡಬೇಕಿತ್ರಿ," ಎಂದನಂತೆ ಪ್ರೆಸ್ಸಿನವನು.

ಆ ಮನುಷ್ಯ ಅಂದು ಬದುಕಿ ಉಳಿದದ್ದು ಕೊಟ್ಟೂರು ಬಸವೇಶ್ವರನ ದಯೆ! ಚೌಕಟ್ಟನ್ನೇ ಬಿಚ್ಚಿಸಿ, ಪಕ್ಕದಲ್ಲಿ ನಿಂತು ಹೊಸದಾಗಿ ಕಟ್ಟಿಸಿಕೊಂಡೇ ಅತ್ತೆ ಊರಿಗೆ ಮರಳಿದ್ದು. ಹರಪನಹಳ್ಳಿಯಲ್ಲಿ ನಮ್ಮಪ್ಪ ಪತ್ರಿಕೆ ಬರಲಿಲ್ಲವೆಂದು ಒದ್ದಾಡುತ್ತಿದ್ದರೆ, ನಮ್ಮವ್ವ "ಇಂಥ ಹೆಂಗಸಿನ ಮನೆಗೆ ಮಗಳನ್ನ ಕೊಡ್ತಿದೀವಲ್ಲ ಶಿವನೇ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅತ್ತೆ ಹಡಗಲಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಎಂಬತ್ತರ ದಶಕದ ಮಾತು. ಹೆಂಗಸರು ಕಚೇರಿಗೆ ಹೋಗುವುದೇ ಸುದ್ದಿಯಾಗಿದ್ದ ಕಾಲದಲ್ಲಿ ಅತ್ತೆ ಹೋಗುವುದಷ್ಟೇ ಅಲ್ಲ, ಹೋಗಿ ಜಗಳವಾಡಿ ಬರುತ್ತಿದ್ದರು! ಅವರಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಕಾಗದದ ಎಡಕ್ಕೆ ಅಂಚು ಬಿಟ್ಟಿಲ್ಲವೆ? ಸಿಟ್ಟು. 'ಮಾನ್ಯರೇ' ಎಂಬುದು ಎರಡಕ್ಷರ ಒಳಗೆ ಸರಿದಿದೆಯೆ? ಸಿಟ್ಟು. ನಾನು ತವರಿಗೆ ಬರೆದ ಕಾಗದವನ್ನು ಅಂಚೆಗೆ ಹಾಕಲು ಕೊಟ್ಟರೆ ಅದನ್ನೂ ಬಿಚ್ಚಿ ನೋಡಿ, "ಅಂಚಿಲ್ಲದ ಕಾಗದ, ಸೆರಗಿಲ್ಲದ ಸೀರಿ, ಎರಡೂ ಒಂದ. ತಿರುಗಿ ಬರಿ," ಎಂದು ಕೈಗಿತ್ತರು. ಅದರಲ್ಲಿ ಅವರನ್ನೇ ಬೈದು ಬರೆದಿದ್ದೆ! ಬೈಗುಳದ ಬಗ್ಗೆ ಚಕಾರವಿಲ್ಲ. ಅಂಚಿನ ಬಗ್ಗೆ ಮಾತ್ರ ಉಪದೇಶ, ಅದರ ಮೇಲೆ 'ಹೊಂದ್ಕೊಂಡು ಹೋಗಬೇಕು' ಎಂಬ ದಿನನಿತ್ಯದ ಮಾತು ಬೇರೆ. ನನಗೆ ಎಂಥ ಸಿಟ್ಟು ಬಂತೆಂದರೆ, ಆ ಸಂಜೆ ತಟ್ಟಿದ ರೊಟ್ಟಿಗಳೆಲ್ಲ ಕಿವುಡು ಗೋಡೆಗೂ ಕೇಳುವಂತೆ ಸದ್ದು ಮಾಡಿದವು.

ಮನೆಯಲ್ಲಿ ಎರಡು ಸಿಟ್ಟುಗಳು ಎದುರುಬದುರಾದರೆ ಗಂಡಸರ ಗತಿ ಏನು? ನಮ್ಮವರು ಮೊದಲೇ ಮಾತು ಕಡಿಮೆಯ ಮನುಷ್ಯ, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಮಾವನವರು ಎಮ್ಮೆ ತೊಳೆಯಲು ಎದ್ದುಬಿಡುತ್ತಿದ್ದರು. ನಮ್ಮ ಎಮ್ಮೆಯಷ್ಟು ಸ್ವಚ್ಛವಾದ ಎಮ್ಮೆ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ!

ಹೀಗಿರುವಾಗ ಕಚೇರಿಗೆ ಹೊಸ ನಮೂನೆಯೊಂದು ಬಂತು. ವಿಧವೆಯರಿಗೆ ಮಾಸಾಶನ ಮಂಜೂರು ಮಾಡುವ ಆದೇಶದ ನಮೂನೆ. ಆದೇಶದ ಸಂಖ್ಯೆ, ದಿನಾಂಕದಿಂದ ಹಿಡಿದು ಹತ್ತಿಪ್ಪತ್ತು ಸಾಲು, ಕೊನೆಯಲ್ಲಿ 'ಅರ್ಜಿದಾರರ ಹೆಸರು', 'ಮೃತ ಪತಿಯ ಹೆಸರು', 'ಗ್ರಾಮ', 'ಕಸುಬು' ಎಂದೆಲ್ಲ ಒಂದರ ಕೆಳಗೊಂದು ಅಚ್ಚು ಹಾಕಿಸಿ, ಮುಂದೆ ಚುಕ್ಕಿ ಸಾಲು ಬಿಟ್ಟಿದ್ದರು. ಅತ್ತೆಯ ಕೆಲಸ ಚುಕ್ಕಿಯ ಮೇಲೆ ಹೆಸರು ಟೈಪು ಮಾಡುವುದು. ಇದರಲ್ಲಿ ಏನು ಕಷ್ಟ? ಮೊದಲ ಸಾಲು ಚುಕ್ಕಿಯ ಮೇಲೆ ಸರಿಯಾಗಿ ಕೂತಿತು. ಎರಡನೆಯದು ಚುಕ್ಕಿಗೆ ಜೋತುಬಿತ್ತು. ಕೆಳಕೆಳಗೆ ಹೋದಂತೆ ಹೆಸರುಗಳೆಲ್ಲ ಜಾರಿ, ಕೊನೆಗೆ ಬರುವಷ್ಟರಲ್ಲಿ ಪೂರ್ತಿ ಒಂದು ಸಾಲು ಕೆಳಗಿಳಿದಿದ್ದವು.

ಅತ್ತೆಯ ಮೊದಲ ಸಿಟ್ಟು ಮಷಿನ್ನಿನ ಮೇಲೆ. ಕೊಟ್ಟೂರಿನಿಂದ ಟೈಪ್‌ರೈಟರ್ ರಿಪೇರಿ ಮಾಡುವ ಸಾಹೇಬರೊಬ್ಬರನ್ನು ಕರೆಸಿದರು. ಅವರು ಮಷಿನ್ನನ್ನು ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ, "ಮಷಿನ್ನಿಗೆ ಏನೂ ಆಗಿಲ್ರಿ ಬಾಯಾರ," ಎಂದರು.

"ಏನೂ ಆಗದಿದ್ರ ಸಾಲು ಜಾರತಾವೇನ್ರಿ? ಮತ್ತೊಮ್ಮೆ ಬಿಚ್ಚ್ರಿ."

ಮತ್ತೊಮ್ಮೆ ಬಿಚ್ಚಿದರು. ಮೂರನೆಯ ಸಲ ಬಿಚ್ಚಲು ಹೇಳಿದಾಗ ಸಾಹೇಬರು ಚೀಲ ಹೆಗಲಿಗೇರಿಸಿ, "ಮಷಿನ್ ತಣ್ಣಗೈತ್ರಿ. ಬಿಸಿ ಆಗಿರೋದು ನೀವು. ನಿಮ್ಮನ್ನ ಬಿಚ್ಚಿ ನೋಡಾಕ ನನ್ನ ಹಂತ್ಯಾಕ ನಟ್ಟು ತಿರುವೋ ಪಾನಾ ಇಲ್ಲ!" ಎಂದು ಸಿಟ್ಟಿನಿಂದಲೇ ಬಸ್ಸು ಹತ್ತಿದರು. ಇದೆಲ್ಲವನ್ನೂ ಅತ್ತೆ ಸಂಜೆ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತ ಅಭಿನಯಿಸಿ ತೋರಿಸಿದರು. ಯಾರ ಮೇಲೆ ಸಿಟ್ಟು ಎಂಬುದು ಹೋಳಿನ ಗಾತ್ರದಿಂದಲೇ ತಿಳಿಯುತ್ತಿತ್ತು.

ಜಾರಿದ ಆದೇಶಗಳನ್ನು ಕಳಿಸಕೂಡದೆಂದು ಅತ್ತೆ ಪಟ್ಟು ಹಿಡಿದರು. ಹೆಡ್ ಕ್ಲಾರ್ಕ್ ಮೇಜಿನ ಮೇಲಿದ್ದ ಕಟ್ಟನ್ನು ಎಳೆದುಕೊಂಡು, "ಓದಿದ್ರ ತಿಳೀತೈತಿ ಬಿಡ್ರಿ," ಎಂದು ಸಹಿ ಮಾಡಿಸಿ ರವಾನಿಸಿಯೇಬಿಟ್ಟರು.

ತಿಳಿಯಿತು! ಒಂದು ಮಧ್ಯಾಹ್ನ ಅತ್ತೆ ಊಟದ ಹೊತ್ತಿಗೆ ಒಬ್ಬ ಹೆಂಗಸನ್ನು ಮನೆಗೆ ಕರೆತಂದರು. ಹತ್ತಿರದ ಮಾಗಳ ಊರಿನವಳು, ಕುರಿ ಸಾಕುವ ಮನೆಯಾಕೆ. ಸಣಕಲು ಮೈ, ಕೈಯಲ್ಲಿ ಮಡಿಚಿ ಮಡಿಚಿ ಮೆತ್ತಗಾದ ಆದೇಶದ ಕಾಗದ.

"ನೀ ಓದಬಲ್ಲೆಲ್ಲವ್ವಾ," ಎಂದು ಆಕೆ ಅದನ್ನು ನನ್ನ ಕೈಗಿಟ್ಟಳು. "ನಾ ಸತ್ತೀನಂತ ಬರದೈತಂತ. ಸತ್ತಾಕಿಗೆ ರೊಕ್ಕ ಬರಂಗಿಲ್ಲ ಅಂದ ಪೋಸ್ಟಿನವ. ಖರೇ ಏನು?"

ಓದಿದೆ. 'ಮೃತ ಪತಿಯ ಹೆಸರು' ಎಂಬಲ್ಲಿ ಈಕೆಯ ಹೆಸರು. 'ಗ್ರಾಮ' ಎಂಬಲ್ಲಿ ಈಕೆಯ ಗಂಡ. 'ಕಸುಬು' ಎಂಬಲ್ಲಿ ಮಾಗಳ! ನನಗೆ ನಗು ಉಕ್ಕಿತು. ತಲೆ ಎತ್ತಿ ಅತ್ತೆಯ ಮುಖ ನೋಡಿದೆ. ನಗು ಇಂಗಿತು. ಆ ಮುಖದಲ್ಲಿ ನಾನು ಅದುವರೆಗೆ ಕಂಡ ಸಿಟ್ಟು ಇರಲಿಲ್ಲ, ಬೇರೆಯೇ ಒಂದು ಇತ್ತು. ಆಕೆಗೆ ರೊಟ್ಟಿ ಬಡಿಸಿ, ತಾವು ಉಣ್ಣದೆ ಕಚೇರಿಗೆ ಹೋದರು.

ಅಲ್ಲಿ ನಡೆದದ್ದನ್ನು ಅವರ ಸಹೋದ್ಯೋಗಿಗಳು ಬಹಳ ಕಾಲ ಹೇಳುತ್ತಿದ್ದರು.

"ಈ ನಮೂನಿ ತಪ್ಪೈತಿ. ತಿದ್ದಸ್ರಿ," ಎಂದರಂತೆ ಅತ್ತೆ.

"ಮ್ಯಾಲಿಂದ ಬಂದ ನಮೂನಿ. ತಿದ್ದೋ ಅಧಿಕಾರ ನಮಗಿಲ್ಲ," ಎಂದರು ಹೆಡ್ ಕ್ಲಾರ್ಕ್.

"ಬದುಕಿದಾಕಿನ್ನ ಸಾಯ್ಸೋ ಅಧಿಕಾರ ಐತೇನ್ರಿ?"

ಅಂದಿನಿಂದ ಆ ನಮೂನೆಯನ್ನು ಮುಟ್ಟುವುದಿಲ್ಲವೆಂದು ಅತ್ತೆ ಶಪಥ ಮಾಡಿದರು. ಖಾಲಿ ಹಾಳೆಯ ಮೇಲೆ ಇಡೀ ಆದೇಶವನ್ನು ತಾವೇ ಟೈಪು ಮಾಡಿ ಕೊಟ್ಟರೆ, ನಮೂನೆಯಲ್ಲಿಲ್ಲವೆಂದು ಹೆಡ್ ಕ್ಲಾರ್ಕ್ ತಿರುಗಿ ಎಸೆದರು. ಕೊನೆಗೆ, ಕೆಲಸಕ್ಕೆ ನಿರಾಕರಿಸಿದ್ದಕ್ಕೆ ಅತ್ತೆಗೆ ನೋಟೀಸು ಕೊಡಬೇಕೆಂದು ತೀರ್ಮಾನವಾಯಿತು. ಆದರೆ ಟೈಪು ಮಾಡುವವರು ಯಾರು? ಇಡೀ ಕಚೇರಿಗೆ ಟೈಪಿಸ್ಟ್ ಅತ್ತೆಯೊಬ್ಬರೇ! ಹೆಡ್ ಕ್ಲಾರ್ಕ್ ನಿಂತು ಹೇಳಿದರು, ಅತ್ತೆ ಕೂತು ಹೊಡೆದರು. ನಡುವೆ ಅವರ ವ್ಯಾಕರಣ ತಿದ್ದಿದರು, 'ಉದ್ಧಟತನ'ಕ್ಕೆ ಬಿಟ್ಟುಹೋಗಿದ್ದ ಒತ್ತು ಕೊಟ್ಟರು, ಎಡಕ್ಕೆ ಚೆಂದದ ಅಂಚು ಬಿಟ್ಟರು, ಸಹಿ ಹಾಕಿಸಿಕೊಂಡು ತಮಗೆ ತಾವೇ ಜಾರಿ ಮಾಡಿಕೊಂಡು ಮನೆಗೆ ಬಂದರು. "ಇಷ್ಟು ಚಂದದ ನೋಟೀಸು ಈ ಕಚೇರಿಯಿಂದ ಹಿಂದ್ಯಾವತ್ತೂ ಹೊಂಟಿಲ್ಲ," ಎಂದು ಮಾವನವರಿಗೆ ತೋರಿಸಿದರು. ಮಾವನವರು ಎಮ್ಮೆಯ ಕಡೆ ಹೊರಟರು.

ಆದರೆ ಮಾಗಳದ ಆ ಹೆಂಗಸಿನ ಕೆಲಸ ಮಾತ್ರ ನಿಂತಲ್ಲೇ ನಿಂತಿತ್ತು. ಅದೇ ಅತ್ತೆಯನ್ನು ಕೊರೆಯುತ್ತಿದ್ದುದು. ರಜೆಯ ದಿನ ಒಂದು ಖಾಲಿ ನಮೂನೆಯನ್ನೂ, ಖಾಲಿ ಹಾಳೆಯ ಮೇಲೆ ಮಷಿನ್ನಿನಲ್ಲಿ ಬರೀ ಸಾಲು ಹೊಡೆದದ್ದೊಂದನ್ನೂ ತಂದು, ಕಿಟಕಿಯ ಗಾಜಿಗೆ ಒಂದರ ಮೇಲೊಂದು ಒತ್ತಿ ಹಿಡಿದರು. ನನ್ನನ್ನು ಕೂಗಿ ಮೂಲೆಗಳನ್ನು ಹಿಡಿಸಿದರು. ಬಿಸಿಲು ಹಾಯ್ದಾಗ ಕಂಡಿತು: ನಮೂನೆಯ ಸಾಲುಗಳ ನಡುವಿನ ಅಂತರ ಮಷಿನ್ನಿನ ಅಂತರಕ್ಕಿಂತ ಕೂದಲೆಳೆಯಷ್ಟು ಕಡಿಮೆ! ಮೇಲೆ ಕೂದಲೆಳೆ, ಕೆಳಗೆ ಹೋಗುತ್ತ ಕೂಡಿ ಕೂಡಿ ಒಂದು ಸಾಲು.

"ಮಷಿನ್ನಿಂದೂ ತಪ್ಪಿಲ್ಲ. ಪಾಪ, ಆ ಸಾಹೇಬನ್ನ ಬೈದೆ," ಎಂದರು ಅತ್ತೆ. ಆಮೇಲೆ ಶುರುವಾಯಿತು ನೋಡಿ! ಅಚ್ಚು ಹಾಕಿದವನಿಗೆ, ಹಾಕಿಸಿದವನಿಗೆ, ಹೆಡ್ ಕ್ಲಾರ್ಕಿಗೆ, ಅವನ ತಲೆಮಾರಿಗೆ. ಬೈಯುತ್ತ ಬೈಯುತ್ತ ನನ್ನ ಕಡೆ ತಿರುಗಿ, "ನೆಟ್ಟಗ ಹಿಡಿ, ನಿನ್ನ ಕೈನೂ ಆ ನಮೂನಿ ಹಂಗ ಜಾರ್ತೈತಿ!" ಎಂದರು.

ಮದುವೆಯಾಗಿ ಬಂದಾಗಿನಿಂದ ಕೂಡಿಟ್ಟುಕೊಂಡಿದ್ದ ನನ್ನ ಸಿಟ್ಟೂ ಅಂದು ಸಾಲು ತಪ್ಪಿತು.

"ನಾನು ಬಂದಾಗಿಂದ ದಿನಾ ಒಂದೇ ಮಾತು ಹೇಳ್ತೀರಲ್ಲ ಅತ್ತೆ, ಹೊಂದ್ಕೊಂಡು ಹೋಗಬೇಕು, ಹೊಂದ್ಕೊಂಡು ಹೋಗಬೇಕು ಅಂತ? ಆ ಫಾರಂ ತಿದ್ದೋಕೆ ಅವ್ರು ಬಿಡಲ್ಲ. ಮಷಿನ್ ತಿದ್ದೋಕೆ ಆಗಲ್ಲ. ಉಳಿದೋರು ನೀವು. ಸಾಲಿಗೊಂದು ಕೂದಲೆಳೆ ನೀವೇ ಹೊಂದ್ಕೊಂಡು ಹೋಗ್ರಿ!"

ಗಾಜಿನಿಂದ ಹಾಳೆಗಳು ಜಾರಿ ಬಿದ್ದವು. ಅತ್ತೆ ನನ್ನನ್ನೇ ದಿಟ್ಟಿಸಿದರು. ಕೊಟ್ಟಿಗೆಯಿಂದ ಮಾವನವರು ಇಣುಕಿದರು.

"ಮಷಿನ್ನಿನಾಗ ಕಾಗದ ಸುತ್ತೋ ಉರುಳಿ ಪಕ್ಕ ಒಂದು ಗುಂಡಿ ಐತಿ," ಎಂದರು ಅತ್ತೆ ನಿಧಾನವಾಗಿ. "ಒತ್ತಿ ಹಿಡಿದ್ರ ಕೈಲೆ ಎಷ್ಟು ಬೇಕಾದ್ರೂ ಹಿಂದ ತಿರುಗಿಸಬಹುದು. ಪ್ರತಿ ಸಾಲಿಗೂ ತಿರುಗಿಸಬೇಕಾಕ್ಕೈತಿ." ಬಿದ್ದ ಹಾಳೆಗಳನ್ನು ಎತ್ತಿಕೊಳ್ಳುತ್ತ, "ಇಷ್ಟು ದಿನ ಇದನ್ನ ಬಾಯಾಗಿಟ್ಕೊಂಡು ಎಲ್ಲಿದ್ಯಲೇ ನೀನು?" ಎಂದರು.

ಮರುದಿನವೇ ಮಾಗಳದ ಆದೇಶ ಹೊಸದಾಗಿ ತಯಾರಾಯಿತು. ಪ್ರತಿ ಸಾಲಿಗೂ ಗುಂಡಿ ಒತ್ತಿ, ಉರುಳೆಯನ್ನು ಒಂದು ಚೂರು ಹಿಂದಕ್ಕೆ ತಿರುಗಿಸಿ, ಹಲ್ಲು ಕಚ್ಚಿ ಹೊಡೆದದ್ದು. ಎಲ್ಲ ಹೆಸರೂ ತಂತಮ್ಮ ಚುಕ್ಕಿಯ ಮೇಲೆ! ತಕರಾರಿಗೆ ಜಾಗವಿಲ್ಲದೆ ಹೆಡ್ ಕ್ಲಾರ್ಕ್ ಸಹಿಗೆ ಕಳಿಸಿದರು. ನೋಟೀಸಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎಷ್ಟೋ ದಿನಗಳ ಮೇಲೆ ತಿದ್ದಿದ ನಮೂನೆಗಳೂ ಮೇಲಿನಿಂದ ಬಂದವು. ಸಾಲುಗಳೆಲ್ಲ ಸರಿ, ಆದರೆ ಎಡಕ್ಕೆ ಅಂಚೇ ಇರಲಿಲ್ಲ! ಆ ಸಂಜೆಯ ಬದನೆಕಾಯಿಯ ಕಥೆ ಕೇಳಬೇಡಿ.

ಮಾಗಳದ ಆ ಆದೇಶವನ್ನು ಮಾತ್ರ ಅಂಚೆಗೆ ಹಾಕಲು ಅತ್ತೆ ಒಪ್ಪಿರಲಿಲ್ಲ. "ಒಮ್ಮೆ ಸಾಯಿಸೀವಿ. ಈಗ ಬದುಕೀದಿ ಅಂತ ನಾವ ಹೋಗಿ ಹೇಳಬೇಕು," ಎಂದು ಭಾನುವಾರ ನನ್ನನ್ನೂ ಹೊರಡಿಸಿಕೊಂಡು ಮಾಗಳಕ್ಕೆ ಹೋದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಂಡಕ್ಟರನೊಡನೆ ಟಿಕೀಟಿನ ಅಚ್ಚು ಓರೆಯಾಗಿದೆಯೆಂದು ಜಗಳ.

ಆ ಹೆಂಗಸು ಹಟ್ಟಿಯ ಮುಂದೆ ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾದಳು. ಅತ್ತೆ ಕಾಗದ ಬಿಚ್ಚಿ, "ನೀ ಬದುಕೀದಿ. ಬರೋ ತಿಂಗಳಿಂದ ರೊಕ್ಕ ಬರ್ತಾವ," ಎಂದರು. ಆಕೆ ಕಾಗದವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ತಲೆಕೆಳಗಾಗಿ ಹಿಡಿದಿದ್ದಳು. ಅತ್ತೆ ಅದನ್ನು ತಿರುಗಿಸಿ ಕೊಟ್ಟರು.

"ಇದ್ರಾಗ ನಾನು ಎಲ್ಲಿ ಅದೀನಿ ಯವ್ವಾ?"

ಅತ್ತೆ ಆಕೆಯ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. ಆಕೆಯ ತೋರುಬೆರಳು ಹಿಡಿದು ಒಂದು ಸಾಲಿನ ಮೇಲಿಟ್ಟರು. "ಇದು ನೀನು." ಬೆರಳನ್ನು ಮೆಲ್ಲಗೆ ಕೆಳಕ್ಕೆ ಸರಿಸಿದರು. "ಇವ ನಿನ್ನ ಗಂಡ."

ಆಕೆ ಬೆರಳನ್ನು ಮೇಲೆ ಒಯ್ದಳು, ಮತ್ತೆ ಕೆಳಗೆ ತಂದಳು.

"ಇಷ್ಟು ಹತ್ರ ಅದಾನ?" ಎಂದಳು.

ಆ ಬೆರಳು ಸೊಪ್ಪಿನ ಹಸಿರು ಬಳಿಯುತ್ತ ಎರಡು ಹೆಸರುಗಳ ನಡುವೆ ಓಡಾಡುತ್ತಲೇ ಇತ್ತು. ಅತ್ತೆ ಕಾಗದದ ಒಂದು ಮೂಲೆಯನ್ನು ಗಾಳಿಗೆ ಹಾರದಂತೆ ಹಿಡಿದುಕೊಂಡು, ಆಕೆಗೆ ಸಾಕೆನಿಸುವವರೆಗೂ ಹಾಗೆಯೇ ಕುಳಿತಿದ್ದರು.